ವಂಡರ್‌ಲಾನೋ, ರಾಮೋಜಿಯೋ? ಟಿಕೆಟ್ ಕೊಳ್ಳೋ ಮೊದಲು ಮನೆ ಮಂದಿ ಎಣಿಸಿ

ರಜೆ ಬಂತೆಂದರೆ ರಾಯಚೂರಿನ ಮನೆಮನೆಯಲ್ಲೂ ಒಂದೇ ತಕರಾರು. ಮಕ್ಕಳು ವಂಡರ್‌ಲಾ ಅಂತಾರೆ. ಮನೆಯಾಕೆ ರಾಮೋಜಿ ಫಿಲಂ ಸಿಟಿ ನೋಡಬೇಕು ಅಂತಾರೆ. ಅಜ್ಜಿ ಮೂಲೆಯಲ್ಲಿ ಕೂತು "ನಾ ಎಲ್ಲಿ ಬರ್ಲಿ, ನೀವ್ ಹೋಗಿ ಬರ್ರಿ" ಅಂತಾರೆ. ಯಜಮಾನರು ಏನೂ ಅನ್ನೋದಿಲ್ಲ, ಗಲ್ಲಾಪೆಟ್ಟಿಗೆ ಕಡೆ ನೋಡ್ತಾರೆ. ವರ್ಷಕ್ಕೊಮ್ಮೆ ಅಂಗಡಿ ಬಾಗಿಲು ಎಳೆದು ಹೋಗೋ ಪ್ರಯಾಣ. ಅದೂ ಕೆಟ್ಟರೆ ಮುಂದಿನ ರಜೆವರೆಗೂ ಮನೆಯಲ್ಲಿ ಮಾತು ಕೇಳಬೇಕು.

ತೀನ್ ಕಂದೀಲ್ ಸುತ್ತಮುತ್ತಲ ವ್ಯಾಪಾರಿಗಳಿಗೆ ಹೈದರಾಬಾದ್ ಹೊಸ ಊರೇನಲ್ಲ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದ ಮಂದಿಯೇ ಆಗಿದ್ದೆವು. ಇವತ್ತಿಗೂ ಬೇಗಂ ಬಜಾರಿನ ಸಗಟು ಅಂಗಡಿ ನೋಡದ ವ್ಯಾಪಾರಿ ಇಲ್ಲಿ ಕಡಿಮೆ. ಆದರೆ ಮಾಲು ತರೋದಕ್ಕೆ ಹೋಗೋದೇ ಬೇರೆ, ಹೆಂಡತಿ ಮಕ್ಕಳನ್ನು ಕರಕೊಂಡು ಹೋಗೋದೇ ಬೇರೆ. ಬೇಗಂ ಬಜಾರಿನಲ್ಲಿ ಚೌಕಾಸಿ ನಡೆಯುತ್ತೆ. ಪಾರ್ಕಿನ ಕೌಂಟರಿನಲ್ಲಿ ನಡೆಯೋದಿಲ್ಲ.

ವಂಡರ್‌ಲಾ ಅಂದಕೂಡಲೆ ಕೆಲವರು ಬಿಡದಿ ಅಂತ ತಿಳಕೊಳ್ತಾರೆ. ಬಿಡದಿಯದು 2005ರಲ್ಲಿ ಶುರುವಾದ ಪಾರ್ಕು. ಅಲ್ಲಿಗೆ ಹೋಗಬೇಕಾದರೆ ನಾವು 400 ಕಿಲೋಮೀಟರ್ ದಾಟಿ ಬೆಂಗಳೂರು ಸೇರಿ, ಮತ್ತೆ ಮೈಸೂರು ರಸ್ತೆ ಹಿಡಿಯಬೇಕು. ಅದೇ ಕಂಪನಿ 2016ರ ಏಪ್ರಿಲ್‌ನಲ್ಲಿ ಹೈದರಾಬಾದ್ ಹೊರಗಿನ ರಾವಿರ್ಯಾಲ ಎಂಬಲ್ಲಿ ಇನ್ನೊಂದು ಪಾರ್ಕು ತೆರೆಯಿತು. ನಮಗೆ ಸುಮಾರು 200 ಕಿಲೋಮೀಟರ್ ಆಯಿತು. ರಾಮೋಜಿ ಫಿಲಂ ಸಿಟಿಯೂ ಅದೇ ಊರಿನ ಹೊರಗೆ, ವಿಜಯವಾಡ ರಸ್ತೆಯಲ್ಲಿದೆ. ಹಾಗಾಗಿ ನಮ್ಮ ಜಿಲ್ಲೆಯವರ ಮುಂದಿರೋ ಪ್ರಶ್ನೆ ಇಷ್ಟೇ: ಹೈದರಾಬಾದಿಗೆ ಹೋದ ಆ ಒಂದು ದಿನ ಯಾವ ಬಾಗಿಲಿಗೆ ಹೋಗಬೇಕು?

ಒಂದು ಆಡೋದಕ್ಕೆ, ಒಂದು ನೋಡೋದಕ್ಕೆ

ಎರಡನ್ನೂ ಪಾರ್ಕು ಅಂತಲೇ ಕರೀತೀವಿ. ಆದರೆ ಎರಡರ ಜಾತಿಯೇ ಬೇರೆ.

ವಂಡರ್‌ಲಾ ಆಡುವವರ ಜಾಗ. ನಲವತ್ತಕ್ಕೂ ಹೆಚ್ಚು ಆಟಗಳಿವೆ. ನೀರಿನ ಜಾರುಬಂಡೆ, ಅಲೆ ಏಳೋ ಕೊಳ, ಮಳೆ ಸುರಿಸಿ ಹಾಡು ಹಾಕಿ ಕುಣಿಸೋ ಜಾಗ, ಆಕಾಶಕ್ಕೆತ್ತಿ ಕೆಳಕ್ಕೆ ಬಿಡೋ ಯಂತ್ರ. ರೀಕಾಯಿಲ್ ಅಂತ ಒಂದಿದೆ. ರೈಲು ಡಬ್ಬಿಯಂಥ ಗಾಡಿ ಜನರನ್ನು ತಲೆಕೆಳಗು ಮಾಡಿ ಸುತ್ತಿಸುತ್ತೆ, ಮತ್ತೆ ಅದೇ ದಾರೀಲಿ ಹಿಂದುಹಿಂದಕ್ಕೇ ಎಳಕೊಂಡು ಬರುತ್ತೆ. ಹತ್ತಿ ಇಳಿಯೋ ಶಕ್ತಿ ಇದ್ದವರಿಗೆ ಕೊಟ್ಟ ಹಣ ಅಲ್ಲಿ ಪೂರಾ ವಸೂಲು.

ರಾಮೋಜಿ ಮುಖ್ಯವಾಗಿ ನೋಡುವವರ ಜಾಗ. 'ಈನಾಡು' ಪತ್ರಿಕೆಯ ರಾಮೋಜಿ ರಾವ್ 1996ರಲ್ಲಿ ಕಟ್ಟಿಸಿದ್ದು. ಅವರು 2024ರ ಜೂನ್ 8ರಂದು ತೀರಿಕೊಂಡರು. 1,666 ಎಕರೆಯ ಈ ಜಾಗಕ್ಕೆ ಜಗತ್ತಿನ ಅತಿ ದೊಡ್ಡ ಸಿನಿಮಾ ಸ್ಟುಡಿಯೊ ಎಂಬ ಗಿನ್ನೆಸ್ ದಾಖಲೆ ಇದೆ. ಬಾಗಿಲಲ್ಲಿ ಟಿಕೆಟ್ ಹರಿದ ಮೇಲೆ ಅವರದೇ ಬಸ್ಸು ಒಳಕ್ಕೆ ಒಯ್ಯುತ್ತೆ. ಸಿನಿಮಾಕ್ಕೆಂದು ಕಟ್ಟಿದ ವಿಮಾನ ನಿಲ್ದಾಣ, ರೈಲು ನಿಲ್ದಾಣ, ಪುರಾಣದ ಅರಮನೆ ಎಲ್ಲ ಉಂಟು. ಕಟ್ಟಡ ಒಂದೇ, ಈ ಕಡೆಯಿಂದ ನೋಡಿದರೆ ಒಂದು ಊರು, ಆ ಕಡೆಯಿಂದ ನೋಡಿದರೆ ಇನ್ನೊಂದು ಊರು. 'ಬಾಹುಬಲಿ'ಯ ಸೆಟ್ಟೂ ಇದೆ. ಕುಣಿತ, ಹೊಡೆದಾಟದ ಪ್ರದರ್ಶನ, ತೋಟ, ಹಕ್ಕಿಗಳ ಉದ್ಯಾನ, ಸಣ್ಣ ಮಕ್ಕಳಿಗೆ ಒಂದಿಷ್ಟು ಆಟ ಎಲ್ಲ ಇದೆ. ಆದರೆ ಎದೆ ಝಲ್ಲೆನ್ನಿಸೋ ಆಟ ಹುಡುಕಿಕೊಂಡು ಹೋದ ಕಾಲೇಜು ಹುಡುಗ ಮಧ್ಯಾಹ್ನದ ಹೊತ್ತಿಗೆ ಆಕಳಿಸ್ತಾನೆ.

ಕನ್ನಡಿಗರಿಗೂ ಆ ಜಾಗದ ಋಣ ಇದೆ. 2000ದಲ್ಲಿ ಶುರುವಾದ ಈಟಿವಿ ಕನ್ನಡದ ವಾರ್ತೆ ನಮ್ಮ ಮನೆಗಳಿಗೆ ಬರ್ತಾ ಇದ್ದದ್ದು ಅಲ್ಲಿಂದಲೇ. ಹಾಗಂತ ಹೋದ ಕೂಡಲೇ ನಟ ನಟಿಯರು ಎದುರಿಗೆ ಬರ್ತಾರೆ ಅಂತ ಮಕ್ಕಳಿಗೆ ಆಸೆ ಹಚ್ಚಬೇಡಿ. ಚಿತ್ರೀಕರಣ ನಡೆಯೋ ಕಡೆ ಪ್ರವಾಸಿಗರನ್ನು ಬಿಡೋದಿಲ್ಲ.

ಅಳತೆಗೋಲಿನ ಮುಂದೆ ಅಳೋ ಮಕ್ಕಳು

ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸು ಕೇಳೋದಿಲ್ಲ, ಎತ್ತರ ನೋಡ್ತಾರೆ. 85 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ. ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್. ಅದಕ್ಕಿಂತ ಮೇಲೆ ದೊಡ್ಡವರ ಟಿಕೆಟ್. ಜೋರಿನ ಆಟಗಳಿಗೂ 140ರ ಗೆರೆಯೇ ಗಡಿ. ನಮ್ಮ ಲೆಕ್ಕದಲ್ಲಿ ನಾಲ್ಕು ಅಡಿ ಏಳು ಇಂಚು.

ಇದರ ಅರ್ಥ ಏನು ಗೊತ್ತೇ? ನಿಮ್ಮ ಮಗ 138 ಇದ್ದರೆ ಟಿಕೆಟ್ಟಿನಲ್ಲಿ ನಿಮಗೆ ಉಳಿತಾಯ. ಆದರೆ ಟಿವಿ ಜಾಹೀರಾತಿನಲ್ಲಿ ನೋಡಿ ಹಟ ಹಿಡಿದು ಬಂದ ಆ ದೊಡ್ಡ ಆಟದ ಮುಂದೆ ಅವನನ್ನು ಕೋಲಿಗೆ ನಿಲ್ಲಿಸಿ ವಾಪಸು ಕಳಿಸ್ತಾರೆ. ಅಣ್ಣ ಮೇಲೆ ಹೋಗಿ ಕಿರುಚೋದನ್ನು ತಮ್ಮ ಕೆಳಗೆ ನಿಂತು ನೋಡಬೇಕು. ಅಲ್ಲಿ ಕೆಲಸದವರ ಮೇಲೆ ರೇಗಿ ಫಲವಿಲ್ಲ. ಸೀಟಿನ ಕೊಂಡಿ ಹೆಗಲಿಗೆ ಸರಿಯಾಗಿ ಕೂರದ ಮಗು ಜಾರಿದರೆ ಗತಿಯೇನು? ಆ ಗೆರೆ ಇರೋದು ನಮ್ಮ ಮಗುವಿನ ಜೀವಕ್ಕೆ.

ದೊಡ್ಡವರಿಗೂ ಇದೇ ಮಾತು. ಹೃದಯದ ತೊಂದರೆ, ರಕ್ತದೊತ್ತಡ, ಬೆನ್ನುನೋವು ಇದ್ದವರು, ಗರ್ಭಿಣಿಯರು ಹತ್ತಬೇಡಿ ಎಂದು ಆಟದ ಬಳಿ ಬೋರ್ಡು ಇರುತ್ತೆ. "ಟಿಕೆಟ್ ಕೊಟ್ಟೀನಿ, ಹತ್ತೇ ಹತ್ತೀನಿ" ಅಂತ ಮಕ್ಕಳ ಮುಂದೆ ಗಂಡಸ್ತನ ತೋರಿಸೋ ಜಾಗ ಅದಲ್ಲ.

ಬ್ಯಾಗು ಕಾಯೋಕೆ ಸಾವಿರ ರೂಪಾಯಿ

ಇನ್ನು ಹೆಂಗಸರ ವಿಷಯ. ಇದನ್ನು ನಮ್ಮ ಗಂಡಸರು ಹೊರಡೋವಾಗ ಯೋಚನೆ ಮಾಡೋದಿಲ್ಲ.

ನೀರಿನ ಕೊಳಕ್ಕೆ ಸೀರೆ, ಜೀನ್ಸ್, ಹತ್ತಿ ಬಟ್ಟೆ ಹಾಕಿಕೊಂಡು ಇಳಿಯೋ ಹಾಗಿಲ್ಲ. ನೈಲಾನ್ ಥರದ ಬಟ್ಟೆಯೇ ಬೇಕು. ತರದಿದ್ದರೆ ಅಲ್ಲೇ ಕೊಳ್ಳಬೇಕು. ನಮ್ಮ ಮನೆಗಳ ಎಷ್ಟೋ ತಾಯಂದಿರು, ಅತ್ತಿಗೆಯಂದಿರು ಆ ಉಡುಪು ತೊಟ್ಟು ನೂರಾರು ಜನರ ನಡುವೆ ನೀರಿಗಿಳಿಯೋಕೆ ಒಪ್ಪೋದಿಲ್ಲ. "ನಾ ನೀರಾಗ ಇಳಿಯಂಗಿಲ್ರಿ, ನೀವ್ ಆಡ್ರಿ" ಅಂತ ದಂಡೆ ಮೇಲೆ ಕೂರ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಚಪ್ಪಲಿ, ಟವೆಲು, ಮೊಬೈಲು ಕಾಯೋದು ಅವರ ಕೆಲಸ. ಅದಕ್ಕೆ ಪೂರಾ ಟಿಕೆಟ್!

ಎರಡೂ ಕಡೆ ದೊಡ್ಡವರ ಟಿಕೆಟ್ ಸಾವಿರ ರೂಪಾಯಿ ದಾಟುತ್ತೆ. ವಾರದ ದಿನಕ್ಕೊಂದು, ಹಬ್ಬ ಹರಿದಿನಕ್ಕೊಂದು ದರ. ಟಿಕೆಟ್ ಮೇಲಿನ ಜಿಎಸ್‌ಟಿ 2017ರಲ್ಲಿ ಶೇಕಡ 28 ಇತ್ತು. 2018ರ ಜನವರಿಯಲ್ಲಿ ಶೇಕಡ 18ಕ್ಕೆ ಇಳಿಸಿದರು. ಐದು ಸಾವಿರದ ಟಿಕೆಟ್ಟಿಗೆ ತೆರಿಗೆಯೇ 900 ರೂಪಾಯಿ. ಜಾಹೀರಾತಿನ ದರದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ, ಹಿರಿಯರಿಗೂ ವಿದ್ಯಾರ್ಥಿಗಳಿಗೂ ರಿಯಾಯಿತಿ ಇದೆಯೋ ಇಲ್ಲವೋ ಕೇಳಿಕೊಂಡೇ ಹಣ ಕಟ್ಟಿ. ಮನೆಯಿಂದ ಕಟ್ಟಿಕೊಂಡು ಹೋದ ರೊಟ್ಟಿ, ಚಿತ್ರಾನ್ನ ಎರಡೂ ಕಡೆ ಒಳಗೆ ಬಿಡೋದಿಲ್ಲ. ಊಟದ ಖರ್ಚು ಬೇರೆ ಇಟ್ಟುಕೊಳ್ಳಿ.

ಹೀಗೆ ನೋಡಿದರೆ ನೀರಿಗಿಳಿಯದ ಇಬ್ಬರು ಹೆಂಗಸರು ಮತ್ತು ಒಬ್ಬ ಅಜ್ಜಿ ಇರೋ ಮನೆಯವರು ವಂಡರ್‌ಲಾಕ್ಕೆ ಹೋದರೆ ಮೂರು ಟಿಕೆಟ್ಟಿನ ಹಣ ದಂಡೆ ಮೇಲೆ ಕೂತಂತೆ. ಅದೇ ಮೂವರು ರಾಮೋಜಿಯಲ್ಲಿ ಬಸ್ಸಿನಲ್ಲಿ ಕೂತು ಅರಮನೆ ನೋಡ್ತಾರೆ, ಪ್ರದರ್ಶನದಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ.

ಹಾಗಾದರೆ ರಾಮೋಜಿಯೇ ಸರಿಯೇ?

ತಡೆಯಿರಿ. ಅಲ್ಲಿಯ ತೊಂದರೆ ಬಿಸಿಲು ಮತ್ತು ನಡಿಗೆ. ಬಸ್ಸು ಒಂದು ಸುತ್ತು ತೋರಿಸುತ್ತೆ ನಿಜ. ಆದರೆ ಒಂದು ಪ್ರದರ್ಶನದಿಂದ ಇನ್ನೊಂದಕ್ಕೆ, ತೋಟದಿಂದ ಹೋಟೆಲಿಗೆ ಕಾಲ್ನಡಿಗೆಯೇ. ರಾಯಚೂರಿನ ಮೇ ತಿಂಗಳ ಬಿಸಿಲಿಂದ ತಪ್ಪಿಸಿಕೊಂಡು ಹೈದರಾಬಾದಿನ ಮೇ ತಿಂಗಳ ಬಿಸಿಲಿಗೆ ಅಜ್ಜಿಯನ್ನು ನಿಲ್ಲಿಸೋದು ಯಾವ ನ್ಯಾಯ? ಬೇಸಿಗೆ ರಜೆಯಲ್ಲೇ ಹೋಗೋದಾದರೆ ನೀರಿರೋ ಜಾಗವೇ ಮೇಲು. ರಾಮೋಜಿಗೆ ದಸರಾ ರಜೆ, ಇಲ್ಲವೇ ಡಿಸೆಂಬರ್ ಒಳ್ಳೇದು.

ಇನ್ನೊಂದು ಹೊತ್ತಿನ ಲೆಕ್ಕ. ವಂಡರ್‌ಲಾ ಬಾಗಿಲು ಸಾಮಾನ್ಯವಾಗಿ 11 ಗಂಟೆಗೆ ತೆರೆಯುತ್ತೆ. ರಾಮೋಜಿಯಲ್ಲಿ 9ಕ್ಕೇ ಶುರು. ಪ್ರದರ್ಶನಗಳಿಗೆ ಸಮಯ ಗೊತ್ತುಮಾಡಿರ್ತಾರೆ. ತಡವಾಗಿ ಹೋದವರು ಅರ್ಧ ನೋಡಿ ಪೂರಾ ದುಡ್ಡು ಕೊಟ್ಟು ಬರ್ತಾರೆ. ಬೆಳಗಿನ ಜಾವ ಬಾಡಿಗೆ ಗಾಡಿ ಹತ್ತಿದವರು ವಂಡರ್‌ಲಾ ಮುಗಿಸಿ ಅದೇ ರಾತ್ರಿ ಊರು ಸೇರಬಹುದು. ರಾಮೋಜಿಗೆ ಹೋಗೋರು ಹಿಂದಿನ ರಾತ್ರಿಯೇ ಹೈದರಾಬಾದಿನಲ್ಲಿ ಇಳಕೊಳ್ಳೋದು ವಾಸಿ. ಅದಕ್ಕೆ ವಸತಿ ಖರ್ಚು ಸೇರಿಸಿ.

ಬಸ್ಸಿನವರು ಕೇಳಿ

ದಾರಿ ನಿಮಗೆ ಗೊತ್ತಿದ್ದದ್ದೇ. ಶಕ್ತಿನಗರ, ಕೃಷ್ಣಾ ಸೇತುವೆ, ಮಕ್ತಲ್, ಮಹಬೂಬ್‌ನಗರ, ಹೈದರಾಬಾದ್. ಬಸ್ಸಿಗೆ ಐದು ತಾಸು ಹಿಡೀರಿ. ಒಂದು ಮಾತು ಮರೀಬೇಡಿ. 2023ರ ಜೂನ್ 11ರಂದು ಶುರುವಾದ ನಮ್ಮ ಶಕ್ತಿ ಯೋಜನೆಯ ಉಚಿತ ಪ್ರಯಾಣ ಹೈದರಾಬಾದಿನವರೆಗೆ ನಡೆಯೋದಿಲ್ಲ. ತೆಲಂಗಾಣದಲ್ಲೂ ಅದೇ ವರ್ಷ ಡಿಸೆಂಬರ್‌ನಿಂದ ಮಹಿಳೆಯರಿಗೆ ಉಚಿತ ಬಸ್ಸಿದೆ, ಆದರೆ ಅದು ಅಲ್ಲಿಯ ನಿವಾಸಿಗಳಿಗೆ. ನಮ್ಮ ಆಧಾರ್ ಕಾರ್ಡು ತೋರಿಸಿ ಕಂಡಕ್ಟರ್ ಜೊತೆ ವಾದ ಹಾಕಿ ಪ್ರಯೋಜನ ಇಲ್ಲ. ಮನೆಯ ಹೆಂಗಸರಿಗೂ ಪೂರ್ತಿ ಚಾರ್ಜು ಲೆಕ್ಕ ಹಿಡೀರಿ.

2023ರ ಅಕ್ಟೋಬರ್ 1ರಿಂದ ಕೃಷ್ಣಾ ಮಾರ್ಗವಾಗಿ ಕಾಚಿಗುಡಕ್ಕೆ ರೈಲೂ ಬಂತು. ಜಕ್ಲೇರ್‌ನಿಂದ ಕೃಷ್ಣಾವರೆಗಿನ 37 ಕಿಲೋಮೀಟರ್ ಹೊಸ ಹಳಿ ಆದ ಮೇಲೆ ಸಿಕ್ಕ ಅನುಕೂಲ ಇದು. ಸಮಯ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳಿ.

ಹೈದರಾಬಾದಿನ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ರಾಮೋಜಿ ಸುಲಭ. ಪಕ್ಕದಲ್ಲೇ ಮೆಟ್ರೊ ಇದೆ. ಎಲ್.ಬಿ. ನಗರದವರೆಗೆ ಹೋಗಿ, ಅಲ್ಲಿಂದ ಹಯಾತ್‌ನಗರದ ಮೇಲೆ ವಿಜಯವಾಡ ರಸ್ತೆಯ ಬಸ್ಸು ಹತ್ತಿದರಾಯಿತು. ರಾವಿರ್ಯಾಲಕ್ಕೆ ಮೆಟ್ರೊ ಇಲ್ಲ. ನಗರ ಬಸ್ಸಿಗೆ ಕಾಯಬೇಕು, ಇಲ್ಲವೇ ಆಟೊದವನ ಜೊತೆ ದರ ಮಾತಾಡಬೇಕು. ಗಾಡಿ ಮಾಡಿಕೊಂಡು ಹೋದವರಿಗೆ ಇದು ಉಲ್ಟಾ. ಅವರು ಶಂಶಾಬಾದಿನಲ್ಲೇ ಹೊರವರ್ತುಲ ರಸ್ತೆ ಹಿಡಿದರೆ ಊರೊಳಗಿನ ಗದ್ದಲವೇ ಇಲ್ಲ. ಮೊದಲು ಸಿಗೋದು ರಾವಿರ್ಯಾಲ, ಅಲ್ಲಿಂದ ಮುಂದೆ ಪೆದ್ದ ಅಂಬರ್‌ಪೇಟೆಯಲ್ಲಿ ಇಳಿದರೆ ರಾಮೋಜಿ.

"ಹ್ಯಾಂಗೂ ಹತ್ತಿರ ಅದಾವಲ್ಲ, ಒಂದೇ ದಿನ ಎರಡೂ ಮುಗಿಸೋಣ" ಅನ್ನೋ ಜಾಣರಿದ್ದಾರೆ. ಬೇಡಿ ಸ್ವಾಮಿ. ಎರಡು ಟಿಕೆಟ್ಟಿನ ಹಣ ಹೋಗುತ್ತೆ, ಎರಡೂ ಕಡೆ ಓಡಾಟವೇ ಆಗುತ್ತೆ.

ಲೆಕ್ಕ ಹೀಗೆ ಹಾಕಿ

ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟು, ಮಕ್ಕಳು 140 ದಾಟಿದ್ದಾರೆ, ಹೆಂಗಸರಿಗೂ ನೀರಿನ ಆಟ ಇಷ್ಟ, ಕಾಲ ಬೇಸಿಗೆ. ಇವರು ಕಣ್ಣು ಮುಚ್ಚಿ ವಂಡರ್‌ಲಾಕ್ಕೆ ಹೋಗಬಹುದು. ವಾರದ ನಡುವಿನ ದಿನ ಹೋದರೆ ಸರತಿ ಸಾಲೂ ಚಿಕ್ಕದು.

ಅಜ್ಜ ಅಜ್ಜಿ ಜೊತೆಗಿದ್ದಾರೆ, ಕಂಕುಳಲ್ಲಿ ಕೂಸಿದೆ, ಮನೆಯಾಕೆ ನೀರಿಗಿಳಿಯೋದಿಲ್ಲ. ಇವರು ದಸರಾವರೆಗೆ ತಡೆದು ರಾಮೋಜಿಗೆ ಹೋಗಲಿ. ಇಬ್ಬರು ಹದಿಹರೆಯದ ಹುಡುಗರು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ಅವರು ಮುಂದೆ ಗೆಳೆಯರ ಜೊತೆ ವಂಡರ್‌ಲಾಕ್ಕೆ ಹೇಗೂ ಹೋಗ್ತಾರೆ. ಅಜ್ಜಿಗೆ ಹಾಗೆ ಇನ್ನೊಂದು ಸಲ ಬರುತ್ತೆ ಅಂತ ಯಾರು ಹೇಳೋರು?

ಎರಡಕ್ಕೂ ಕೈಯಲ್ಲಿ ಹಣ ಇಲ್ಲದವರು ಬೇಸರ ಮಾಡಿಕೊಳ್ಳೋದು ಬೇಡ. ರಾಮೋಜಿಯ ಅರಮನೆ ಸಿನಿಮಾದವರು ಕಟ್ಟಿದ್ದು. ನಮ್ಮ ಬಸ್ ನಿಲ್ದಾಣದ ಪಕ್ಕದ ಕೋಟೆ ಕಲ್ಲಿನದು, ಅದರ ಗೋಡೆಯಲ್ಲಿ 1294ರ ಶಾಸನವಿದೆ. ಇಷ್ಟು ದಿನ ಬಸ್ಸಿಗೆ ಕಾಯ್ತಾ ನಿಂತೂ ನಮ್ಮ ಮಕ್ಕಳಿಗೆ ಅದನ್ನು ಎಷ್ಟು ಜನ ತೋರಿಸಿದ್ದೇವೆ? ಒಂದು ಭಾನುವಾರ ಸಂಜೆ ಸಾಕು.

ಹೋಗೋದು ಗಟ್ಟಿಯಾದವರು ಇವತ್ತು ರಾತ್ರಿ ಎರಡು ಕೆಲಸ ಮಾಡಿ. ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿದು ಅಳೆಯಿರಿ. ಆಮೇಲೆ "ನಾ ಎಲ್ಲಿ ಬರ್ಲಿ" ಅಂದವರ ಪಕ್ಕ ಕೂತು, ನಿಜವಾಗಿ ಏನು ನೋಡೋ ಆಸೆ ಇದೆ ಅಂತ ಕೇಳಿ. ಟಿಕೆಟ್ ಆಮೇಲೆ ಕೊಂಡರಾಯಿತು.