ಗ್ರಾಹಕರ ಮಾಹಿತಿಗೂ ಒಂದು ಲೆಕ್ಕದ ಪುಸ್ತಕ

ಗ್ರಾಹಕರ ಮಾಹಿತಿ ಕಾಪಾಡುವ ಕಾನೂನು ಬದಲಾಗುತ್ತಲೇ ಇರುತ್ತದಲ್ಲ, ಸಣ್ಣ ವ್ಯಾಪಾರಿಗಳು ಅದಕ್ಕೆ ಹೊಂದಿಕೊಳ್ಳುವುದು ಹೇಗೆ?

ಮೊದಲು, ತಮ್ಮಲ್ಲಿ ಯಾರ ಯಾವ ಮಾಹಿತಿ ಇದೆ, ಏಕೆ ಪಡೆದದ್ದು, ಯಾರ ಕೈಗೆ ಹೋಗುತ್ತದೆ ಎಂದು ಬರೆದಿಡಬೇಕು. ಸ್ಟಾಕ್ ಪುಸ್ತಕ ಸರಿಯಿಟ್ಟ ದಿನಸಿ ಅಂಗಡಿಯವರು ಜಿಎಸ್‌ಟಿ ದರ ಬದಲಾದಾಗ ಆಯಾ ಸಾಲು ತಿದ್ದಿದರೆ ಸಾಕು, ಇದೂ ಹಾಗೆಯೇ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಭಾಗಗಳ ಜಾರಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಅವು ಜಾರಿಯಾದ ಮೇಲೆ, ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡದಲ್ಲೂ ಓದುವ ಅವಕಾಶ ಕೊಡಬೇಕು, ಇದು ನಿಜಕ್ಕೂ ದೊಡ್ಡ ಮಾತು. ಮಾಹಿತಿ ಸೋರಿದರೆ ಗ್ರಾಹಕರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಬೇಕು; ಭದ್ರತೆಯಲ್ಲಿ ಲೋಪವಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಹಾಗಾಗಿ ಬೇಡದ ಮಾಹಿತಿ ಪಡೆಯದಿರುವುದೇ ಒಳ್ಳೆಯದು: ಬಿಲ್ಲಿಗೆ ಮೊಬೈಲ್ ನಂಬರ್ ಬೇಕಿಲ್ಲವೆಂದರೆ ಕೌಂಟರಿನಲ್ಲಿ ಅದನ್ನು ಕೇಳುವುದನ್ನು ಇಂದೇ ನಿಲ್ಲಿಸಿ.