ಕಲ್ನಾರಿನ ಬದಲು ತೆಂಗಿನ ನಾರು

ಬಚ್ಚಲಿಗೋ ಕೊಟ್ಟಿಗೆಗೋ ಹೊದಿಸುವ ಬೂದು ಬಣ್ಣದ ಸಿಮೆಂಟ್ ಶೀಟು ನಿಮಗೆಲ್ಲ ಗೊತ್ತು. ಇಂಥ ಬಹಳಷ್ಟು ಶೀಟುಗಳಲ್ಲಿ ಸಿಮೆಂಟಿಗೆ ಬಲ ಕೊಡುವುದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಶೀಟು ಗಟ್ಟಿಯಾಗಿದ್ದು ತನ್ನ ಪಾಡಿಗಿರುವಾಗ ಅಪಾಯ ಕಡಿಮೆ. ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಗಾಳಿಗೆ ಸೇರುತ್ತವೆ.

ಉಸಿರಿನೊಡನೆ ಶ್ವಾಸಕೋಶದ ಆಳಕ್ಕಿಳಿದ ಎಳೆಗಳು ಸುಲಭವಾಗಿ ಹೊರಬರುವುದಿಲ್ಲ. ಇವುಗಳಿಂದ ಶ್ವಾಸಕೋಶ ಗಡುಸಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಯ ಕ್ಯಾನ್ಸರ್ ಬರಬಹುದು. ರೋಗ ತಲೆದೋರಲು 20ರಿಂದ 40 ವರ್ಷ ಹಿಡಿಯುವುದರಿಂದ ಕಾರಣವೇ ಮರೆತುಹೋಗಿರುತ್ತದೆ. ಧೂಮಪಾನಿಗಳಿಗಂತೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಹಾಗಾದರೆ ಬದಲಿ ಏನು? ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ಸಿಪ್ಪೆಯೇ ಒಂದು ಉತ್ತರ. ತೆಂಗಿನ ನಾರು ಮತ್ತು ಸಿಮೆಂಟಿನಿಂದ ಹಲಗೆ, ಶೀಟು ಮಾಡುವ ವಿಧಾನವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದೆ. ನಾರಿನಲ್ಲಿರುವ ಸಕ್ಕರೆ ಮತ್ತು ಒಗರಿನ ಅಂಶ ಸಿಮೆಂಟು ಗಟ್ಟಿಯಾಗಲು ಬಿಡುವುದಿಲ್ಲ. ಆದ್ದರಿಂದ ಮೊದಲು ನಾರನ್ನು ನೀರಿನಲ್ಲಿ ನೆನೆಸಿ ತೊಳೆಯಬೇಕು. ಬೇಗ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಕ್ಲೋರೈಡಿನಂಥ ಲವಣ ಬೆರೆಸುವುದೂ ಉಂಟು. ಅನಂತರ ಸಿಮೆಂಟಿನೊಡನೆ ಕಲಸಿ, ಅಚ್ಚಿನಲ್ಲಿ ಹರಡಿ, ಭಾರ ಹೇರಿ ಒತ್ತುತ್ತಾರೆ. ಗಟ್ಟಿಯಾದ ಮೇಲೆ ಕೆಲವು ದಿನ ತೇವದಲ್ಲಿಟ್ಟು ಒಣಗಿಸುತ್ತಾರೆ.

ಕಲ್ನಾರಿನ ಎಳೆಗೆ ಹೋಲಿಸಿದರೆ ತೆಂಗಿನ ನಾರು ನೂರು ಪಟ್ಟಿಗೂ ಹೆಚ್ಚು ದಪ್ಪ. ಇಡೀ ನಾರು ಶ್ವಾಸಕೋಶದ ಆಳಕ್ಕೆ ಇಳಿಯಲಾರದು. ಹಾಗೆಂದು ಇದರ ಧೂಳನ್ನು ಕುಡಿಯಬಹುದೆಂದಲ್ಲ. ಸಿಮೆಂಟಿನ ಧೂಳು ಮೂಗು, ಗಂಟಲು, ಕಣ್ಣುಗಳನ್ನು ಕೆರಳಿಸುತ್ತದೆ. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಹಲಗೆಯನ್ನು ಒದ್ದೆ ಮಾಡಿ ಬಯಲಿನಲ್ಲಿ ಕೊಯ್ಯಿರಿ. ಹಸಿ ಮಿಶ್ರಣ ಮುಟ್ಟುವಾಗ ರಬ್ಬರ್ ಕೈಗವಸು ಬೇಕು. ನಾರು ತೊಳೆದ ಕಂದು ನೀರನ್ನು ಬಾವಿ, ಕೆರೆಗಳತ್ತ ಬಿಡಬೇಡಿ. ಸದಾ ನೀರು ತಾಗುವ ಕಡೆ ಈ ಹಲಗೆ ಬಾಳಿಕೆ ಬರುವುದು ಕಷ್ಟ. ಒಳಗಿನ ತಡಿಕೆಗೆ, ಸೂರಿನ ಒಳಮೈಗೆ ಹೆಚ್ಚು ಸೂಕ್ತ.

ಈಗಾಗಲೇ ಮನೆಯಲ್ಲಿ ಕಲ್ನಾರಿನ ಶೀಟಿದ್ದರೆ ಗಾಬರಿಯಿಂದ ಒಡೆದು ತೆಗೆಸಬೇಡಿ. ಉಜ್ಜಬೇಡಿ, ಕೊರೆಯಬೇಡಿ. ತೆಗೆಯಲೇಬೇಕಾದರೆ ಅನುಭವಸ್ಥರಿಂದ ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು. ಚೂರುಗಳನ್ನು ಒಣ ಪೊರಕೆಯಿಂದ ಗುಡಿಸಬಾರದು. ಮೂಗಿಗೆ ಕಟ್ಟಿದ ಕರವಸ್ತ್ರ ಈ ಎಳೆಗಳನ್ನು ತಡೆಯದು. ಇಂಥ ಕೆಲಸದಲ್ಲಿ ವರ್ಷಗಟ್ಟಲೆ ದುಡಿದವರಿಗೆ ಏದುಸಿರು, ಒಣಕೆಮ್ಮು ಕಂಡರೆ ವೈದ್ಯರಿಗೆ ತೋರಿಸಿ. ಮಾಡಿದ ಕೆಲಸ ಯಾವುದೆಂದು ಹೇಳಲು ಮರೆಯಬೇಡಿ.