ಸೀಲಿಂಗ್ ಹಲಗೆಯಲ್ಲಿ ದುಂಡು ರಂಧ್ರ

ದೊಡ್ಡ ಕಛೇರಿಗಳಲ್ಲಿಯೂ ಸಭಾಂಗಣಗಳಲ್ಲಿಯೂ ತಲೆಯ ಮೇಲಿನಿಂದ ಮಾತು ಇಳಿದು ಬರುವುದನ್ನು ಶ್ರೋತೃಗಳು ಕೇಳಿರಬಹುದು. ಕತ್ತೆತ್ತಿ ನೋಡಿದರೆ ಬಿಳಿಯ ಹಲಗೆಯಲ್ಲಿ ದುಂಡಾದ ಒಂದು ಜಾಲರಿ ಮಾತ್ರ ಕಾಣುವುದು. ಧ್ವನಿವರ್ಧಕವನ್ನು ಅಲ್ಲಿ ಕೂರಿಸುವುದಕ್ಕಾಗಿ ಹಲಗೆಯನ್ನು ಕೊರೆಯುವ ಬಗೆಯನ್ನು ಈ ಹೊತ್ತು ವಿಚಾರಮಾಡೋಣ. ಕೆಲಸವೇನೋ ಚಿಕ್ಕದು, ಆದರೆ ತಪ್ಪಿದರೆ ಕೆಡುವುದು ಹಲಗೆಯೊಂದೇ ಅಲ್ಲ.

ಈ ಹಲಗೆಗಳು ಬಹುಮಟ್ಟಿಗೆ ಖನಿಜದ ನಾರನ್ನು ಒತ್ತಿ ಮಾಡಿದವು. ಸಾಮಾನ್ಯವಾದ ಒಂದು ಅಳತೆ 600 ಮಿಲಿಮೀಟರ್ ಚೌಕ. ಇವು ಲೋಹದ ಪಟ್ಟಿಗಳ ಚೌಕಟ್ಟಿನಲ್ಲಿ ಸುಮ್ಮನೆ ಕುಳಿತಿರುವುವು. ಆದಕಾರಣ ಏಣಿಯ ಮೇಲೆ ನಿಂತು ಕೊರೆಯಬೇಕಾಗಿಲ್ಲ; ಹಲಗೆಯನ್ನು ಎತ್ತಿ, ಓರೆಮಾಡಿ, ಕೆಳಗಿಳಿಸಿಕೊಳ್ಳಬಹುದು.

ಆದರೆ ಹಳೆಯ ಕಟ್ಟಡವಾದರೆ ಮುಟ್ಟುವುದಕ್ಕೆ ಮೊದಲೇ ತಡೆಯಬೇಕು. ಅಮೆರಿಕ ಮೊದಲಾದ ದೇಶಗಳಲ್ಲಿ 1980ರ ಸುಮಾರಿನವರೆಗೆ ತಯಾರಾದ ಕೆಲವು ಹಲಗೆಗಳಲ್ಲಿ ಕಲ್ನಾರು ಉಂಟು. ಅದರ ಧೂಳು ಶ್ವಾಸಕೋಶವನ್ನು ಸೇರಿದರೆ ಬಹು ವರ್ಷಗಳ ತರುವಾಯ ಕ್ಯಾನ್ಸರನ್ನು ತರಬಲ್ಲುದು. ಕಣ್ಣಿಗೆ ಅದು ಗೊತ್ತಾಗದು. ಸಂದೇಹವಿದ್ದಲ್ಲಿ ಪ್ರಯೋಗಶಾಲೆಯ ಪರೀಕ್ಷೆಯಾಗದೆ ಕೊರೆಯಬಾರದು.

ಇನ್ನು ಅಳತೆ. ಧ್ವನಿವರ್ಧಕದ ಹೊರಅಂಚಿನ ವ್ಯಾಸವೇ ಬೇರೆ, ರಂಧ್ರದ ವ್ಯಾಸವೇ ಬೇರೆ. ಅಂಚು 230 ಮಿಲಿಮೀಟರ್, ರಂಧ್ರ 200 ಎಂದಿಟ್ಟುಕೊಳ್ಳೋಣ. ಹಲಗೆಯ ಮೇಲೆ ಅಂಚು ಕೂರುವುದಕ್ಕೆ ಸುತ್ತಲೂ 15 ಮಿಲಿಮೀಟರ್ ಮಾತ್ರ ಉಳಿಯುವುದು. ಅಂಚನ್ನೇ ಅಳೆದು ಕೊರೆದವರ ಧ್ವನಿವರ್ಧಕ ರಂಧ್ರದೊಳಗೇ ಜಾರುವುದು. ಚಿಕ್ಕದಾದ ರಂಧ್ರವನ್ನು ಹಿಗ್ಗಿಸಬಹುದು, ದೊಡ್ಡದಾದುದನ್ನು ಕುಗ್ಗಿಸಲಾಗದು.

ಮೂಲೆಯಿಂದ ಮೂಲೆಗೆ ಎರಡು ಗೆರೆಗಳನ್ನೆಳೆದರೆ ಅವು ಕೂಡುವ ಸ್ಥಳವೇ ಕೇಂದ್ರ. ಅಲ್ಲಿಂದ ಕೈವಾರದಿಂದ ವೃತ್ತವನ್ನೆಳೆದು, ಬಿಳಿಯ ಮುಖದ ಕಡೆಯಿಂದ ಹರಿತವಾದ ಚಾಕುವನ್ನು ನೆಟ್ಟಗೆ ಹಿಡಿದು, ಹಗುರವಾಗಿ ಮೂರು ನಾಲ್ಕು ಸುತ್ತು ಕೊಯ್ಯತಕ್ಕದ್ದು. ಮೊಂಡು ಅಲಗು ನಾರನ್ನು ಕೊಯ್ಯದೆ ಕೀಳುವುದು. ಹಲಗೆಗಳು ಹಲವಿದ್ದರೆ, ಧೂಳು ಹಿಡಿಯುವ ಮುಚ್ಚಳವುಳ್ಳ ವೃತ್ತಾಕಾರದ ಕೊರೆಯುಳಿಯನ್ನು ಡ್ರಿಲ್ಲಿಗೆ ತೊಡಿಸುವುದು ಮೇಲು. ಹೇಗೆ ಕೊರೆದರೂ ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಇರಲಿ.

ಕಡೆಯದಾಗಿ ಭಾರದ ಮಾತು. ಒತ್ತಿದ ನಾರಿನ ಹಲಗೆ ಮೃದು. ತೇವ ತಗುಲಿದರೆ ಬಾಗುವುದು. ಭಾರವನ್ನು ಅದಕ್ಕೆ ವಹಿಸಲಾಗದು. ಹಲಗೆಯ ಬೆನ್ನಿನ ಮೇಲೆ ಎರಡು ಲೋಹದ ಪಟ್ಟಿಗಳನ್ನಿಟ್ಟು, ಅವುಗಳ ತುದಿಗಳನ್ನು ಚೌಕಟ್ಟಿನ ಮೇಲೆ ಕೂರಿಸಬೇಕು; ಧ್ವನಿವರ್ಧಕದಿಂದ ಕಟ್ಟಡದ ಮೂಲಚಾವಣಿಗೆ ಒಂದು ಉಕ್ಕಿನ ತಂತಿಯನ್ನು ಬಿಗಿಯಬೇಕು. ಕೆಳಗೆ ಕುಳಿತು ಕೇಳುವವರು ಈ ತಂತಿಯನ್ನು ಎಂದೂ ಕಾಣರು. ಆದರೆ ಅವರು ನಿಶ್ಚಿಂತೆಯಿಂದ ಕೇಳುವುದು ಅದರ ಬಲದಿಂದಲೇ.